ಮೂರು ತಿಂಗಳ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮುಂಚೆ

ಬೆಂಗಳೂರಿನ ಮೇಯೋ ಹಾಲ್ ಕೋರ್ಟಿನ ಹತ್ತಿರ ನೋಟರಿಯೊಬ್ಬರ ಬಳಿ ನಾನು ಟೈಪಿಂಗ್ ಕೆಲಸ ಮಾಡುತ್ತೇನೆ. ಬಾಡಿಗೆ ಕರಾರು, ಅಫಿಡವಿಟ್, ಹೆಸರು ಬದಲಾವಣೆ, ದಿನವಿಡೀ ಇದೇ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಇಲ್ಲಿಂದ ನಡೆದೇ ಹೋಗಬಹುದಾದಷ್ಟು ದೂರ. ಅದಕ್ಕೇ ಜೂನ್‌ನಿಂದ ಆಗಸ್ಟ್‌ವರೆಗೆ, ಆಮೇಲೆ ಜನವರಿಯಲ್ಲಿ, ಕಿಟ್ ಬ್ಯಾಗ್ ಹೆಗಲಿಗೆ ಹಾಕಿಕೊಂಡ ಹುಡುಗರು ಕ್ಲಬ್ಬಿನ ಕಾಂಟ್ರ್ಯಾಕ್ಟ್ ಹಿಡಿದು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ. "ಅಕ್ಕ, ಇದೊಂದು ಸ್ವಲ್ಪ ಓದಿ ನೋಡಿ, ನಾಳೆ ಸಹಿ ಹಾಕ್ಬೇಕು." ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರೇ ಜಾಸ್ತಿ. ಅವರಿಗೆ ಬಿಡಿಬಿಡಿಯಾಗಿ ಹೇಳುವುದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಈ ಕಾಗದಗಳನ್ನು ಓದಲು ಕಲಿತಿದ್ದು ನನ್ನ ತಮ್ಮನ ಒಂದು ಸೀಸನ್ ಹಾಳಾದ ಮೇಲೆ.

ತಮ್ಮ ಲೆಫ್ಟ್ ಬ್ಯಾಕ್. ಇಪ್ಪತ್ತೆರಡು ವರ್ಷ ಇದ್ದಾಗ, ಆಗಸ್ಟ್ ಮೂರನೇ ವಾರ, ಒಂದು ಕ್ಲಬ್ಬಿನವರು ಮೂರು ತಿಂಗಳ ಕಾಂಟ್ರ್ಯಾಕ್ಟ್ ಕೊಟ್ಟರು. ಟೈಪ್ ಮಾಡಿದ್ದು ನಾನೇ. ಇ-ಸ್ಟಾಂಪ್ ಕಾಗದ, ಪುಟಪುಟಕ್ಕೂ ಸಹಿ, ಕೊನೆಗೆ ನೋಟರಿ ಮೊಹರು. ಇಷ್ಟಾದ ಮೇಲೆ ಇನ್ನೇನು ಬೇಕು ಅಂದುಕೊಂಡೆವು. ಅವನು ದಿನಾ ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಪ್ರಾಕ್ಟೀಸ್‌ಗೆ ಹೋದ. ಮೂರು ತಿಂಗಳಲ್ಲಿ ಒಂದೇ ಒಂದು ಮ್ಯಾಚ್ ಆಡಲಿಲ್ಲ. ಹೊಸ ಕ್ಲಬ್ಬಿನ ಹೆಸರಿನಲ್ಲಿ ಅವನ ರಿಜಿಸ್ಟ್ರೇಷನ್ ಆಗಲೇ ಇಲ್ಲ. ಹಳೇ ಕ್ಲಬ್ಬಿನ ಜೊತೆ ಒಂದು ವರ್ಷದ ಕರಾರು ಮುಗಿದಿದೆ ಎಂದು ಅವನು ನಂಬಿದ್ದ. ಅದರಲ್ಲಿ ಬರೆದಿದ್ದು "ಒಂದು ವರ್ಷ, ಕ್ಲಬ್ ಇಚ್ಛಿಸಿದಲ್ಲಿ ಮತ್ತೊಂದು ವರ್ಷ" ಎಂದು. ಅವನ ಹತ್ತಿರ ಅದರ ಪ್ರತಿಯೇ ಇರಲಿಲ್ಲ. ಹಳೇ ಕ್ಲಬ್ ಅವನನ್ನು ಆಡಿಸಲಿಲ್ಲ, ಬಿಟ್ಟೂ ಕೊಡಲಿಲ್ಲ. ರಿಜಿಸ್ಟ್ರೇಷನ್‌ಗೆ ಕೊನೆಯ ದಿನ ಆಗಸ್ಟ್ 31, ಅದು ಬಂತು, ಹೋಯಿತು. ಹೊಸ ಕ್ಲಬ್ಬಿನವರು ಮೊದಲ ತಿಂಗಳ ಸಂಬಳ ಕೊಟ್ಟರು, ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟರು.

ಅವತ್ತು ನನಗೆ ತಿಳಿಯದೇ ಇದ್ದಿದ್ದು ಇಷ್ಟೇ: ಕಾಂಟ್ರ್ಯಾಕ್ಟ್ ಬೇರೆ, ರಿಜಿಸ್ಟ್ರೇಷನ್ ಬೇರೆ. ಬೆಂಗಳೂರಿನಲ್ಲಿ ಸೈಟ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ಆದರೂ ಖಾತೆ ಹಳೇ ಮಾಲೀಕನ ಹೆಸರಲ್ಲೇ ಇದ್ದರೆ ಪ್ಲಾನ್ ಸ್ಯಾಂಕ್ಷನ್‌ಗೆ ಹೋದಾಗ ತಲೆನೋವು ಶುರುವಾಗುತ್ತದೆ. ಫುಟ್‌ಬಾಲಿನಲ್ಲೂ ಕಾಂಟ್ರ್ಯಾಕ್ಟ್ ಇದ್ದರೆ ಸಂಬಳ ಕೇಳುವ ಹಕ್ಕು ಬರುತ್ತದೆ, ಅಷ್ಟೇ. ಮೈದಾನಕ್ಕಿಳಿಯುವ ಹಕ್ಕು ಬರುವುದು ಫೆಡರೇಷನ್ನಿನ ಪುಸ್ತಕದಲ್ಲಿ ನಿಮ್ಮ ಹೆಸರು ಆ ಕ್ಲಬ್ಬಿನ ಮುಂದೆ ಬಿದ್ದಾಗ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್, ಈಗ ಆ ಪುಸ್ತಕವನ್ನು ಆನ್‌ಲೈನ್ ಮಾಡಿದೆ. ಹುಡುಗರು ಸಿಆರ್‌ಎಸ್ ಅನ್ನುವುದು ಅದಕ್ಕೇ, ಸೆಂಟ್ರಲೈಸ್ಡ್ ರಿಜಿಸ್ಟ್ರೇಷನ್ ಸಿಸ್ಟಮ್. ನೋಟರಿ ಮೊಹರು ನೋಡಿ ಸಿಆರ್‌ಎಸ್‌ನಲ್ಲಿ ಯಾರೂ ಹೆಸರು ಹಾಕುವುದಿಲ್ಲ.

ವರ್ಷಪೂರ್ತಿ ಕರಾರು ಇದ್ದವರಿಗೆ ಇವೆರಡರ ನಡುವೆ ನಾಲ್ಕು ದಿನ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಮೂರು ತಿಂಗಳ ಹುಡುಗನಿಗೆ ನಾಲ್ಕು ದಿನವೂ ದುಬಾರಿ. ಅದಕ್ಕೇ ಮೊದಲ ಕೆಲಸ ಹೊಸ ಕಾಗದ ಓದುವುದಲ್ಲ. ಹಳೇ ಕ್ಲಬ್ಬಿನ ಲೆಕ್ಕ ಚುಕ್ತಾ ಆಗಿದೆಯಾ ನೋಡುವುದು. ನಿಮ್ಮ ಹೆಸರು ಈಗ ಯಾವ ಕ್ಲಬ್ಬಿನ ಮುಂದಿದೆ, ಅಲ್ಲಿ ಕರಾರು ಮುಗಿಯುವ ತಾರೀಖು ಏನೆಂದು ಬಿದ್ದಿದೆ, ಇದನ್ನು ಹೊಸ ಕ್ಲಬ್ಬಿನ ಮ್ಯಾನೇಜರ್ ಹತ್ತಿರ ಕೇಳಿ. "ಎಲ್ಲಾ ಕ್ಲಿಯರ್ ಇದೆ ಬಿಡಿ" ಅಂದರೆ ಒಪ್ಪಬೇಡಿ. ಸ್ಕ್ರೀನ್‌ಶಾಟ್ ಕಳಿಸಿ ಸರ್ ಎಂದು ಮರ್ಯಾದೆಯಿಂದಲೇ ಕೇಳಿ. ಹಳೇ ಕ್ಲಬ್ಬಿನಿಂದ ರಿಲೀಸ್ ಲೆಟರ್ ಬೇಕಾಗಿದ್ದರೆ ಲೆಟರ್‌ಹೆಡ್ಡಿನಲ್ಲಿ, ತಾರೀಖು ಹಾಕಿ, ಸೀಲು ಸಹಿ ಸಮೇತ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ "ಓಕೆ ಯು ಕ್ಯಾನ್ ಗೋ" ಅಂತ ಬಂದಿದ್ದನ್ನು ಒಬ್ಬ ಹುಡುಗ ನನಗೆ ತೋರಿಸಿದ್ದ. ಅದನ್ನೂ ಅಳಿಸಬೇಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ.

ಈಗ ವಿಂಡೋ ವಿಷಯ. ಫಿಫಾ ನಿಯಮದ ಪ್ರಕಾರ ಪ್ರತಿ ದೇಶದ ಫೆಡರೇಷನ್ ವರ್ಷಕ್ಕೆ ಎರಡು ರಿಜಿಸ್ಟ್ರೇಷನ್ ಅವಧಿ ಇಡುತ್ತದೆ, ವಿಂಡೋ ಅನ್ನುವುದು ಇದಕ್ಕೇ. ಕಳೆದ ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಮೊದಲನೆಯದು ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ, ಎರಡನೆಯದು ಜನವರಿಯಲ್ಲಿ ಬಂದಿದೆ. ಆಯಾ ವರ್ಷದ ತಾರೀಖನ್ನು ಎಐಎಫ್‌ಎಫ್ ಪ್ರಕಟಿಸುತ್ತದೆ, ಸಹಿಗೆ ಮುಂಚೆ ಅದನ್ನು ನೋಡಿಕೊಳ್ಳಿ. ಸ್ಟೇಟ್ ಲೀಗ್, ಬೆಂಗಳೂರಿನ ಸೂಪರ್ ಡಿವಿಷನ್, ಎ ಡಿವಿಷನ್ ಆಡುವವರು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲೂ ವಿಚಾರಿಸಬೇಕು. ಲೀಗಿನವರು ಟೀಮ್ ಲಿಸ್ಟ್ ಕೊಡಲು ಬೇರೆಯೇ ಕೊನೆಯ ದಿನ ಇಟ್ಟಿರಬಹುದು. ಆಗಸ್ಟ್ 30, 31ಕ್ಕೆ ಸಹಿ ಹಾಕುವ ಹುಡುಗರನ್ನು ಕಂಡರೆ ನನಗೆ ಎದೆ ಡವಡವ ಅನ್ನುತ್ತದೆ. ಫೋಟೋ ಸೈಜ್ ಸರಿಯಿಲ್ಲ, ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ ಕಾರ್ಡ್‌ನಲ್ಲಿ ಹಿಂದೆ, ಇಂಥದ್ದಕ್ಕೇ ಅರ್ಜಿ ವಾಪಸ್ ಬರುತ್ತದೆ. ಹೆಸರು ಎರಡು ಕಡೆ ಎರಡು ಥರ ಇದ್ದರೆ ಮೇ ತಿಂಗಳಲ್ಲೇ ಸರಿಮಾಡಿಸಿಕೊಳ್ಳಿ.

ವಿಂಡೋ ಮುಚ್ಚಿದ ಮೇಲೆ ಒಂದು ಬಾಗಿಲು ಉಳಿದಿರುತ್ತದೆ. ಮೂರು ತಿಂಗಳ ಕಾಂಟ್ರ್ಯಾಕ್ಟ್‌ಗಳಲ್ಲಿ ಬಹಳಷ್ಟು ಆ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಫಿಫಾ ನಿಯಮಾವಳಿಯ 6ನೇ ವಿಧಿಯ ಪ್ರಕಾರ, ಒಬ್ಬ ಪ್ರೊಫೆಷನಲ್ ಆಟಗಾರನ ಕರಾರು ವಿಂಡೋ ಮುಗಿಯುವುದಕ್ಕೆ ಮುಂಚೆಯೇ ಮುಗಿದಿದ್ದರೆ, ಅವನನ್ನು ವಿಂಡೋ ಮುಚ್ಚಿದ ಮೇಲೂ ರಿಜಿಸ್ಟರ್ ಮಾಡಿಕೊಳ್ಳಬಹುದು. ಎರಡು ಮಾತು ಗಮನಿಸಿ. ಒಂದು, "ಮುಂಚೆಯೇ ಮುಗಿದಿದ್ದರೆ". ವಿಂಡೋ ಆಗಸ್ಟ್ 31ಕ್ಕೆ ಮುಚ್ಚಿ ನಿಮ್ಮ ಹಳೇ ಕರಾರು ಸೆಪ್ಟೆಂಬರ್ 5ಕ್ಕೆ ಮುಗಿದರೆ ಈ ಬಾಗಿಲು ನಿಮಗಿಲ್ಲ, ಜನವರಿವರೆಗೆ ಕಾಯಬೇಕು. ಇನ್ನೊಂದು, "ಮಾಡಿಕೊಳ್ಳಬಹುದು". ಮಾಡಲೇಬೇಕು ಎಂದಿಲ್ಲ. ಲೀಗಿನ ನ್ಯಾಯಕ್ಕೆ ಧಕ್ಕೆ ಬರುತ್ತದಾ ಎಂದು ಫೆಡರೇಷನ್ ನೋಡಬೇಕು ಎಂಬ ಮಾತೂ ಅದೇ ನಿಯಮದಲ್ಲಿದೆ. ನನ್ನ ತಮ್ಮ ಸಿಕ್ಕಿಬಿದ್ದಿದ್ದು ಮೊದಲನೆಯದರಲ್ಲಿ. ಅವನು ಕೆಲಸವಿಲ್ಲದೆ ಕೂತಿದ್ದ, ನಿಜ. ಆದರೆ ಕಾಗದದ ಮೇಲೆ ಅವನು ಫ್ರೀ ಪ್ಲೇಯರ್ ಆಗಿರಲಿಲ್ಲ.

ದೊಡ್ಡ ಆಟಗಾರರೂ ಸಣ್ಣ ಅವಧಿಗೆ ಸಹಿ ಹಾಕುತ್ತಾರೆ. 2013ರ ಜನವರಿ 31ಕ್ಕೆ ಡೇವಿಡ್ ಬೆಕಮ್ ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ ಸೇರಿದ್ದು ಐದು ತಿಂಗಳ ಕಾಂಟ್ರ್ಯಾಕ್ಟ್ ಮೇಲೆ, ಸೀಸನ್ ಮುಗಿಯುವವರೆಗೆ. ಸ್ವೀಡನ್ನಿನ ಹೆನ್ರಿಕ್ ಲಾರ್ಸನ್ 2007ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಿದ್ದು ಲೋನ್ ಮೇಲೆ, ಅಂದರೆ ಎರವಲಾಗಿ, ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಮಾತ್ರ. ಸ್ವೀಡನ್ನಿನ ಲೀಗ್ ಚಳಿಗಾಲದಲ್ಲಿ ನಿಂತಿರುತ್ತದೆ, ಆ ಸಂದಿಯಲ್ಲಿ ಬಂದು ಆಡಿದರು. ಇನ್ನಷ್ಟು ದಿನ ಇರಿ ಎಂದು ಯುನೈಟೆಡ್ ಕೇಳಿಕೊಂಡರೂ ತಮ್ಮ ಕ್ಲಬ್ ಹೆಲ್ಸಿಂಗ್‌ಬೋರಿಗೆ ಕೊಟ್ಟ ಮಾತಿನಂತೆ ವಾಪಸ್ ಹೋದರು. ಬಂದ ದಿನವೇ ಹೋಗುವ ದಿನವೂ ಎಲ್ಲರಿಗೂ ಗೊತ್ತಿತ್ತು. ನಮ್ಮ ಹುಡುಗರ ಕಾಗದದಲ್ಲಿ ಕಾಣೆಯಾಗಿರುವುದು ಆ ತಾರೀಖೇ.

ಗೌತಮಪುರದ ಹುಡುಗನೊಬ್ಬ ಹೋದ ಜನವರಿಯಲ್ಲಿ ನಾಲ್ಕು ಪುಟದ ಕಾಂಟ್ರ್ಯಾಕ್ಟ್ ತಂದ. ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಊರು ಅದು, ಅಲ್ಲಿನ ಮಕ್ಕಳಿಗೆ ಚೆಂಡು ಎಂದರೆ ಪ್ರಾಣ. ಮೂರನೇ ಪುಟದ ಸಾಲೊಂದರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ: "ಈ ಕರಾರು ಹಾಲಿ ಸೀಸನ್ ಮುಗಿಯುವವರೆಗೆ ಜಾರಿಯಲ್ಲಿರುತ್ತದೆ."

"ಸೀಸನ್ ಅಂದ್ರೆ ಯಾವಾಗ ಮುಗಿಯೋದಪ್ಪ?" ಕೇಳಿದೆ.

"ಲಾಸ್ಟ್ ಮ್ಯಾಚ್ ಆದ್ಮೇಲೆ ಅಲ್ವಾ ಅಕ್ಕ?"

"ನಿಮ್ ಟೀಮ್ ಲಾಸ್ಟ್ ಮ್ಯಾಚಾ, ಲೀಗ್ ಲಾಸ್ಟ್ ಮ್ಯಾಚಾ, ಇಲ್ಲಾ ಮೇ ಮೂವತ್ತೊಂದಾ?"

ಅವನು ಸುಮ್ಮನಾದ. ಈ ಮೂರರಲ್ಲಿ ಎರಡು ತಿಂಗಳ ಸಂಬಳದ ವ್ಯತ್ಯಾಸ ಬರಬಹುದು. ಟೀಮ್ ಮಾರ್ಚ್‌ನಲ್ಲೇ ಲೀಗಿನಿಂದ ಹೊರಬಿದ್ದರೆ ಏಪ್ರಿಲ್, ಮೇ ತಿಂಗಳ ದುಡ್ಡು ಯಾರು ಕೊಡುತ್ತಾರೆ? ಇದು ಬರೀ ಊಹೆಯ ಮಾತಲ್ಲ. 2020ರಲ್ಲಿ ಕೊರೋನಾದಿಂದ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಮಾರ್ಚ್‌ನಲ್ಲಿ ನಿಂತು ಜೂನ್ 17ಕ್ಕೆ ಮತ್ತೆ ಶುರುವಾದಾಗ, ಎಷ್ಟೋ ಆಟಗಾರರ ಕರಾರು ಜೂನ್ 30ಕ್ಕೆ ಮುಗಿಯುವುದಿತ್ತು. ಸೀಸನ್ ನಿಜವಾಗಿ ಮುಗಿಯುವ ದಿನದವರೆಗೆ ವಿಸ್ತರಿಸಿ ಎಂದು ಫಿಫಾ ಸಲಹೆ ಕೊಟ್ಟಿತು, ಬಲವಂತ ಮಾಡಲಾಗಲಿಲ್ಲ. ಬೋರ್ನ್‌ಮತ್ ಕ್ಲಬ್ಬಿನ ರಯಾನ್ ಫ್ರೇಸರ್ ವಿಸ್ತರಣೆಗೆ ಒಪ್ಪದೆ ಹೊರಟರು. ನಮ್ಮಲ್ಲಿ 2025ರಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಎಂದಿನ ಸಮಯಕ್ಕೆ ಶುರುವಾಗಲೇ ಇಲ್ಲ. ಎಐಎಫ್‌ಎಫ್‌ಗೂ ಆಗ ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಗೂ ಇದ್ದ ಒಪ್ಪಂದ ಆ ವರ್ಷ ಡಿಸೆಂಬರಿಗೆ ಮುಗಿಯುವುದಿತ್ತು, ಮುಂದೇನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ "ಸೀಸನ್" ಎಂಬ ಪದ ಎಲ್ಲೇ ಕಂಡರೂ ಅದರ ಪಕ್ಕ ದಿನ, ತಿಂಗಳು, ವರ್ಷ ಬರೆಸಿ. ಲೀಗ್ ಮುಂದಕ್ಕೆ ಹೋದರೆ ಕರಾರು ಅದೇ ಸಂಬಳದಲ್ಲಿ ಮುಂದುವರಿಯುತ್ತದಾ, ಅದಕ್ಕೆ ನಿಮ್ಮ ಸಹಿ ಬೇಕಾ, ಅದನ್ನೂ ಒಂದು ಸಾಲಿನಲ್ಲಿ ಬರೆಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫಿಫಾ ನಿಯಮದ 18ನೇ ವಿಧಿ ಪ್ರೊಫೆಷನಲ್ ಕರಾರಿನ ಕನಿಷ್ಠ ಅವಧಿ ಜಾರಿಯಾದ ದಿನದಿಂದ ಸೀಸನ್ ಕೊನೆಯವರೆಗೆ, ಗರಿಷ್ಠ ಐದು ವರ್ಷ ಎನ್ನುತ್ತದೆ. ಬೇರೆ ಅವಧಿಯ ಕರಾರನ್ನು ಆ ದೇಶದ ಕಾನೂನು ಒಪ್ಪಿದರೆ ಮಾತ್ರ ಮಾಡಬಹುದು. ಅಂದರೆ ಸೆಪ್ಟೆಂಬರಿನಲ್ಲಿ ಸಹಿ ಹಾಕಿಸಿ ಡಿಸೆಂಬರಿಗೆ ಮನೆಗೆ ಕಳಿಸುವ ಕಾಗದ ವಾಡಿಕೆಯ ದಾರಿಯಲ್ಲ. ಜನವರಿಯಿಂದ ಮೇವರೆಗಿನದು ಸರಾಗ. ನಿಮಗೆ ಆಯ್ಕೆ ಇದ್ದರೆ ಸೀಸನ್ ಕೊನೆಯವರೆಗಿನ ಕರಾರನ್ನೇ ಕೇಳಿ, ಸಂಬಳದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ಸರಿಯೇ. ಇದು ನನ್ನ ಅಭಿಪ್ರಾಯ. ಹುಡುಗರಲ್ಲಿ ಅರ್ಧ ಜನ ಒಪ್ಪುವುದಿಲ್ಲ, ತಿಂಗಳಿಗೆ ಐದು ಸಾವಿರ ಜಾಸ್ತಿ ಸಿಕ್ಕರೆ ಸಾಕು ಅನ್ನುತ್ತಾರೆ.

ಒಪ್ಪದವರಿಗೆ ನಾನು ಹೇಳುವುದು ಎರಡು ಕ್ಲಬ್ಬಿನ ನಿಯಮವನ್ನು. ಒಂದು ಸೀಸನ್‌ನಲ್ಲಿ ನೀವು ಗರಿಷ್ಠ ಮೂರು ಕ್ಲಬ್ಬುಗಳಲ್ಲಿ ರಿಜಿಸ್ಟರ್ ಆಗಬಹುದು, ಆದರೆ ಅಧಿಕೃತ ಪಂದ್ಯ ಆಡಲು ಅವಕಾಶ ಎರಡು ಕ್ಲಬ್ಬಿಗೆ ಮಾತ್ರ. ಜುಲೈನಲ್ಲಿ ಒಂದು ಕ್ಲಬ್ಬಿಗೆ ಹತ್ತು ನಿಮಿಷ ಸಬ್‌ಸ್ಟಿಟ್ಯೂಟ್ ಆಗಿ ಇಳಿದಿದ್ದೂ ಲೆಕ್ಕಕ್ಕೆ ಬರುತ್ತದೆ. ಸೆಪ್ಟೆಂಬರಿನಿಂದ ಮೂರು ತಿಂಗಳು ಇನ್ನೊಂದಕ್ಕೆ ಆಡಿದರೆ, ಜನವರಿಯಲ್ಲಿ ಮೂರನೇ ಕ್ಲಬ್ ಕರೆದರೂ ಪ್ರಾಕ್ಟೀಸ್‌ನಲ್ಲಿ ಕೋನ್ ಸುತ್ತಬೇಕೇ ಹೊರತು ಮ್ಯಾಚ್ ಆಡುವ ಹಾಗಿಲ್ಲ. ಫ್ರೆಂಡ್ಲಿ, ಟ್ರಯಲ್ ಮ್ಯಾಚ್ ಲೆಕ್ಕಕ್ಕಿಲ್ಲ. ಸಣ್ಣ ಕಾಂಟ್ರ್ಯಾಕ್ಟ್ ಒಂದು ನಿಮ್ಮ ಎರಡು ಅವಕಾಶಗಳಲ್ಲಿ ಒಂದನ್ನು ತಿಂದುಬಿಡುತ್ತದೆ. ಅದು ಯಾರಿಗಾಗಿ ಎಂದು ಸಹಿಗೆ ಮುಂಚೆ ಯೋಚಿಸಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಾನು ಜಾಸ್ತಿ ಹೊತ್ತು ಕೂರಿಸಿಕೊಂಡು ಹೇಳುತ್ತೇನೆ.

ಸಂಬಳ ಕೊಡದ ಕ್ಲಬ್ಬಿನಿಂದ ಬಿಡುಗಡೆ ಹೊಂದಲು ಫಿಫಾ 2018ರಲ್ಲಿ ಸ್ಪಷ್ಟ ದಾರಿ ಮಾಡಿತು. ಎರಡು ತಿಂಗಳ ಸಂಬಳ ಬಾಕಿಯಾದರೆ ಆಟಗಾರ ಬರಹದಲ್ಲಿ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಸಮಯ ಕೊಡಬೇಕು. ಆಗಲೂ ಕೊಡದಿದ್ದರೆ ಆಟಗಾರ ನ್ಯಾಯವಾದ ಕಾರಣದ ಮೇಲೆ ಕರಾರು ಮುರಿಯಬಹುದು. ಒಳ್ಳೆಯ ನಿಯಮ. ಆದರೆ ಮೂರು ತಿಂಗಳ ಕರಾರಿಗೆ ಲೆಕ್ಕ ಹಾಕಿ ನೋಡಿ. ಮೊದಲ ತಿಂಗಳು ಕೊಟ್ಟರು. ಎರಡನೆಯದು ಬರಲಿಲ್ಲ, ಮೂರನೆಯದೂ ಬರಲಿಲ್ಲ. ಎರಡು ತಿಂಗಳು ಬಾಕಿ ಎಂದು ಹೇಳುವ ಹೊತ್ತಿಗೆ ಕರಾರೇ ಮುಗಿದಿದೆ, ಮುರಿಯಲು ಏನೂ ಉಳಿದಿಲ್ಲ. ತಮ್ಮನಿಗೆ ಆಗಿದ್ದು ಇದೇ. ಅದಕ್ಕೇ ಸಣ್ಣ ಕಾಂಟ್ರ್ಯಾಕ್ಟ್‌ಗಳಲ್ಲಿ ಹದಿನೈದು ದಿನಕ್ಕೊಮ್ಮೆ ಸಂಬಳ ಬರೆಸಿ, ಇಲ್ಲವೇ ಮೊದಲ ತಿಂಗಳದ್ದನ್ನು ಸಹಿಯ ದಿನವೇ ಅಡ್ವಾನ್ಸ್ ಆಗಿ ಕೇಳಿ. "ನಿಗದಿತ ದಿನದಿಂದ ಏಳು ದಿನದೊಳಗೆ ಸಂಬಳ ಬ್ಯಾಂಕ್ ಖಾತೆಗೆ ಬರದಿದ್ದಲ್ಲಿ ಆಟಗಾರನು ಲಿಖಿತ ಸೂಚನೆ ನೀಡಿ ಕರಾರಿನಿಂದ ಹೊರಬರಬಹುದು, ಕ್ಲಬ್ ತಕ್ಷಣ ಅವನನ್ನು ಬಿಡುಗಡೆ ಮಾಡತಕ್ಕದ್ದು" ಎಂಬ ಸಾಲನ್ನು ನಾನು ಎಷ್ಟೋ ಕಾಗದಗಳಲ್ಲಿ ಸೇರಿಸಿ ಕೊಟ್ಟಿದ್ದೇನೆ. ಕೆಲವು ಕ್ಲಬ್ಬುಗಳು ಒಪ್ಪಿವೆ, ಕೆಲವು ಹೊಡೆದುಹಾಕಿವೆ. ಹೊಡೆದುಹಾಕಿದ್ದೂ ನಿಮಗೆ ಒಂದು ಸುದ್ದಿಯೇ.

ನಗದು ಬೇಡ. ಬ್ಯಾಂಕಿಗೇ ಹಾಕಲಿ. ಬರೆದಿರುವ ಮೊತ್ತ ಟಿಡಿಎಸ್ ಕಳೆದು ಕೈಗೆ ಬರುವುದಾ, ಕಳೆಯುವ ಮುಂಚಿನದಾ ಕೇಳಿ. ರೂಮು, ಊಟ, ಬೂಟು ಯಾರದು ಎಂಬುದೂ ಕಾಗದದಲ್ಲಿರಲಿ.

ಎಲ್ಲಕ್ಕಿಂತ ಮುಖ್ಯ, ಸಂಬಳ ಯಾವ ದಿನದಿಂದ ಶುರು ಎಂಬುದು. "ರಿಜಿಸ್ಟ್ರೇಷನ್ ಪೂರ್ಣಗೊಂಡ ದಿನದಿಂದ" ಎಂದಿದ್ದರೆ ಎಚ್ಚರ. ರಿಜಿಸ್ಟ್ರೇಷನ್ ಮಾಡುವುದು ಕ್ಲಬ್ಬಿನ ಕೆಲಸ. ಅವರು ತಡಮಾಡಿದರೆ ನಿಮ್ಮ ಸಂಬಳ ಯಾಕೆ ನಿಲ್ಲಬೇಕು? "ಸಹಿಯ ದಿನದಿಂದ ಸಂಬಳ, ಹತ್ತು ದಿನದೊಳಗೆ ಕ್ಲಬ್ ರಿಜಿಸ್ಟ್ರೇಷನ್ ಮಾಡಿಸತಕ್ಕದ್ದು, ಆಗದಿದ್ದಲ್ಲಿ ಆಟಗಾರನು ಬೇರೆ ಕ್ಲಬ್ ಸೇರಲು ಸ್ವತಂತ್ರ" ಎಂದು ಬರೆಸಿ. ಕಾಂಟ್ರ್ಯಾಕ್ಟ್‌ಗೂ ರಿಜಿಸ್ಟ್ರೇಷನ್‌ಗೂ ಗಂಟು ಹಾಕುವ ಸಾಲು ಇದೊಂದೇ. ನನ್ನ ಮೇಜಿನಿಂದ ಹೋಗುವ ಯಾವ ಕಾಗದವೂ ಈಗ ಈ ಸಾಲಿಲ್ಲದೆ ಹೋಗುವುದಿಲ್ಲ.

ಮೆಡಿಕಲ್ ಟೆಸ್ಟ್ ಸಹಿಗೆ ಮುಂಚೆಯೇ ಆಗಬೇಕು. "ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಈ ಕರಾರು ಊರ್ಜಿತ" ಎಂಬ ಷರತ್ತನ್ನು ಫಿಫಾ ಒಪ್ಪುವುದಿಲ್ಲ. ಸಹಿ ಹಾಕಿಸಿಕೊಂಡು ಎರಡು ವಾರ ಆಡಿಸಿ ನೋಡಿ, ಆಮೇಲೆ ಮಂಡಿ ಸರಿಯಿಲ್ಲ ಎಂದು ಕಳಿಸುವ ಹಾಗಿಲ್ಲ.

ಮಂಡಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿದರೆ ಆಪರೇಷನ್ ಆಗಿ ಮತ್ತೆ ಮೈದಾನಕ್ಕೆ ಬರಲು ಆರು ತಿಂಗಳಿಗಿಂತ ಕಡಿಮೆ ಹಿಡಿಯುವುದಿಲ್ಲ, ಒಂಬತ್ತಾದರೂ ಆಶ್ಚರ್ಯವಿಲ್ಲ. ನಿಮ್ಮ ಕರಾರು ಮೂರು ತಿಂಗಳು. "ಕ್ಲಬ್ಬಿನ ಪಂದ್ಯ ಅಥವಾ ತರಬೇತಿಯಲ್ಲಿ ಆದ ಗಾಯದ ಚಿಕಿತ್ಸೆಯ ಖರ್ಚನ್ನು ಕರಾರಿನ ಅವಧಿ ಮುಗಿದ ನಂತರವೂ, ಆಟಗಾರ ಗುಣವಾಗುವವರೆಗೆ ಕ್ಲಬ್ ಭರಿಸತಕ್ಕದ್ದು" ಎಂದು ಬರೆಸದಿದ್ದರೆ ಆ ಬಿಲ್ ಬಂದು ಬೀಳುವುದು ಅಮ್ಮನ ಚೀಟಿ ದುಡ್ಡಿನ ಮೇಲೆ. ಇನ್ಶೂರೆನ್ಸ್ ಇದೆ ಎಂದರೆ ಪಾಲಿಸಿ ನಂಬರ್ ಕೇಳಿ. ಸೆವೆನ್ಸ್, ಅಂದರೆ ಏಳು ಜನರ ಟೀಮಿನ ಟೂರ್ನಿ, ಆಡಲು ಕೇರಳಕ್ಕೆ ಹೋಗುವವರು ಇದನ್ನು ಎರಡು ಸಲ ಓದಿ. ಅಲ್ಲಿ ಬಿದ್ದು ಮಂಡಿ ಹೋದರೆ ಕ್ಲಬ್ ಕೈ ಎತ್ತುತ್ತದೆ, ಬೇರೆ ಕಡೆ ಆಡಿ ಕರಾರು ಮುರಿದಿದ್ದೂ ನಿಮ್ಮ ತಪ್ಪೇ ಆಗುತ್ತದೆ.

ನಮ್ಮ ಊರಿನಲ್ಲಿ ಹಿಂದೆ ಹೀಗಿರಲಿಲ್ಲ. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಯ ಟೀಮಿಗೆ ಆಯ್ಕೆಯಾದರೆ ಅಲ್ಲೇ ನೌಕರಿ, ನಿವೃತ್ತಿವರೆಗೆ ಸಂಬಳ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ಕಾಲದವರಿಗೆ ಆಟ ನಿಂತರೂ ಊಟ ನಿಲ್ಲುವುದಿಲ್ಲ ಎಂಬ ಆಸರೆ ಸಿಗುವ ದಾರಿ ಇತ್ತು. ಈಗಿನ ಹುಡುಗರಿಗೆ ಕೈಯಲ್ಲಿರುವ ಕಾಗದವೇ ಆಸರೆ, ಅದಕ್ಕೇ ನಾನು ಇಷ್ಟು ಹಠ ಹಿಡಿಯುತ್ತೇನೆ. ಈಗಲೂ ನೌಕರಿ ಟೀಮಿನಲ್ಲಿ ಅಮೆಚೂರ್ ಆಗಿ, ಅಂದರೆ ಪ್ರೊಫೆಷನಲ್ ಕರಾರಿಲ್ಲದೆ, ಆಡುವ ಅವಕಾಶ ಬಂದರೆ ಒಂದು ವಿಷಯ ನೆನಪಿಡಿ: ಪ್ರೊಫೆಷನಲ್ ಆಗಿ ಕೊನೆಯ ಪಂದ್ಯ ಆಡಿ 30 ದಿನ ಕಳೆಯದೆ ಅಮೆಚೂರ್ ಆಗಿ ರಿಜಿಸ್ಟರ್ ಆಗಲು ಬರುವುದಿಲ್ಲ.

ಹದಿನೆಂಟು ತುಂಬದವರು ಒಬ್ಬರೇ ಸಹಿ ಹಾಕಬೇಡಿ. ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬನ್ನಿ. ಅಪ್ರಾಪ್ತರ ಸಹಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ, ಮೂರು ವರ್ಷಕ್ಕಿಂತ ಹೆಚ್ಚಿನ ಕರಾರಿಗೆ ಫಿಫಾ ನಿಯಮದಲ್ಲೂ ಜಾಗವಿಲ್ಲ. ಹೊರದೇಶದ ಕ್ಲಬ್ಬಿಗೆ ಹೋಗುವವರಿಗೆ ಎಐಎಫ್‌ಎಫ್‌ನಿಂದ ಅಂತಾರಾಷ್ಟ್ರೀಯ ವರ್ಗಾವಣೆ ಪತ್ರ, ಐಟಿಸಿ, ಹೋಗಬೇಕು. ಅದು ಉಚಿತ. ಅದರ ಹೆಸರಿನಲ್ಲಿ ಏಜೆಂಟ್ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಗಲಾಟೆ ಆದರೆ ಎಐಎಫ್‌ಎಫ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ ದೂರು ಕೊಡಬಹುದು. ಆಟಗಾರರದ್ದೇ ಸಂಘವೂ ಇದೆ, ಫುಟ್‌ಬಾಲ್ ಪ್ಲೇಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ಎಲ್ಲಿಗೆ ಹೋದರೂ ಅವರು ಮೊದಲು ಕೇಳುವುದು ಸಹಿ ಆದ ಕಾಂಟ್ರ್ಯಾಕ್ಟ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ನೀವು ಕ್ಲಬ್ಬಿಗೆ ಕಳಿಸಿದ ಇಮೇಲ್. ಅದಕ್ಕೇ ಪ್ರತಿ ಇಲ್ಲದೆ ಆಫೀಸ್ ಬಿಟ್ಟು ಏಳಬೇಡಿ. "ಪ್ರೆಸಿಡೆಂಟ್ ಸರ್ ಸಹಿ ಆಗ್ಬೇಕು, ನಾಳೆ ಕಳಿಸ್ತೀವಿ" ಎಂದರೆ ಅಲ್ಲೇ ಮೊಬೈಲಿನಲ್ಲಿ ಎಲ್ಲ ಪುಟದ ಫೋಟೋ ತೆಗೆದುಕೊಳ್ಳಿ, ನಿಮ್ಮ ಇಮೇಲಿಗೆ ನೀವೇ ಕಳಿಸಿಕೊಳ್ಳಿ. ಕರಾರು ಮುಂದುವರಿಸುವ ಹಕ್ಕನ್ನು ಕ್ಲಬ್ಬಿಗೆ ಮಾತ್ರ ಕೊಡುವ ಸಾಲು ಇದ್ದರೆ ಹೊಡೆದುಹಾಕಿಸಿ, ಹೊಡೆದ ಜಾಗದಲ್ಲಿ ಇಬ್ಬರೂ ಸಹಿ ಹಾಕಿ.

ತಮ್ಮನಿಗೆ ಈಗ ಇಪ್ಪತ್ತೇಳು. ಈ ಜನವರಿಯಲ್ಲಿ ಅವನ ಹೊಸ ಕಾಂಟ್ರ್ಯಾಕ್ಟ್ ಟೈಪ್ ಮಾಡಿದೆ, ಮೇ 31ರವರೆಗೆ. ಸಹಿ ಆದ ಒಂಬತ್ತನೇ ದಿನ, ನಾನು ಬಿಎಂಟಿಸಿ ಬಸ್ಸಿನಲ್ಲಿದ್ದಾಗ, ಅವನಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಹೆಸರು, ಹುಟ್ಟಿದ ದಿನ, ಹೊಸ ಕ್ಲಬ್ಬಿನ ಹೆಸರು, ಕೆಳಗೆ ಕರಾರು ಮುಗಿಯುವ ತಾರೀಖು. ಎರಡು ಸಲ ಓದಿದೆ. ತಾರೀಖು ನಾನು ಟೈಪ್ ಮಾಡಿದ್ದೇ. ಆಮೇಲೆ ಫೋನ್ ಮಾಡಿ, ಹೊಸ ಬೂಟು ತಗೋ ಅಂದೆ.